ಕಿಶೋರ್ ಕುಮಾರ್: ಗಾಯಕನ ಸಿನಿಮಾ ಬದುಕು
(1929–1987)

ಮಧ್ಯಪ್ರದೇಶದ ಖಂಡ್ವಾದಲ್ಲಿ ಹುಟ್ಟಿದ ಆಭಾಸ್ ಕುಮಾರ್ ಗಂಗೂಲಿ, ಹಿನ್ನೆಲೆ ಗಾಯಕ ಕಿಶೋರ್ ಕುಮಾರ್ ಆಗಿ ಮನೆಮಾತಾದರು. ಆದರೆ ಅವರು ಚಿತ್ರರಂಗಕ್ಕೆ ಬಂದದ್ದು ನಟರಾಗಿ, ಅಣ್ಣ ಅಶೋಕ್ ಕುಮಾರ್ ನಾಯಕರಾಗಿದ್ದ ‘ಶಿಕಾರಿ’ (1946) ಚಿತ್ರದ ಮೂಲಕ. ಅವರ ಮೊದಲ ಹಾಡು ಕೇಳಿಬಂದದ್ದು ‘ಜಿದ್ದಿ’ಯಲ್ಲಿ (1948).

ನಟ: ಬಿಮಲ್ ರಾಯ್ ಅವರ ‘ನೌಕರಿ’ (1954) ಕೆಲಸ ಹುಡುಕುವ ಯುವಕನ ಗಂಭೀರ ಪಾತ್ರ ಕೊಟ್ಟಿತು. ಹೆಸರು ತಂದದ್ದು ಮಾತ್ರ ಹಾಸ್ಯ. ‘ಚಲ್ತಿ ಕಾ ನಾಮ್ ಗಾಡಿ’ಯಲ್ಲಿ (1958) ಅಶೋಕ್, ಇನ್ನೊಬ್ಬ ಸೋದರ ಅನೂಪ್, ಕಿಶೋರ್ ಮೂವರೂ ಅಣ್ಣತಮ್ಮಂದಿರಾಗಿಯೇ ನಟಿಸಿದರು. ‘ಹಾಫ್ ಟಿಕೆಟ್’ನ (1962) ಯುಗಳಗೀತೆಯೊಂದರಲ್ಲಿ ಗಂಡು, ಹೆಣ್ಣು ಎರಡೂ ದನಿಗಳು ಅವರವೇ. ಆದರೆ ‘ರಾಗಿಣಿ’ಯ (1958) ಹಾಡೊಂದರಲ್ಲಿ ತೆರೆಯ ಮೇಲಿನ ಕಿಶೋರ್‌ಗೆ ಮೊಹಮ್ಮದ್ ರಫಿ ದನಿಯಾದರು.

ನಿರ್ಮಾಪಕ, ನಿರ್ದೇಶಕ: ‘ದೂರ್ ಗಗನ್ ಕೀ ಛಾಂವ್ ಮೇ’ (1964) ಚಿತ್ರದ ನಿರ್ಮಾಣ, ನಿರ್ದೇಶನ, ಸಂಗೀತ, ನಾಯಕ ಪಾತ್ರ ಎಲ್ಲವೂ ಅವರದೇ. ಯುದ್ಧದಿಂದ ಮರಳಿದ ಸೈನಿಕ ಮತ್ತು ಮಾತು ಬಾರದ ಮಗನ ಈ ಕಥೆಯಲ್ಲಿ ಹಾಸ್ಯಕ್ಕೆ ಹೆಚ್ಚು ಜಾಗವಿಲ್ಲ. ಮಗನಾಗಿ ನಟಿಸಿದವರು ಅವರ ಪುತ್ರ ಅಮಿತ್ ಕುಮಾರ್.

ಅವರು ಹಾಡಿದ ‘ಆರಾಧನಾ’ (1969) ಬಂದ ಮೇಲೆ ಗಾಯನವೇ ಮುಂದಾಯಿತು, ನಟನೆ ಕಡಿಮೆಯಾಯಿತು. ಕನ್ನಡದಲ್ಲಿ ‘ಕುಳ್ಳ ಏಜೆಂಟ್ 000’ (1972) ಚಿತ್ರಕ್ಕೆ ರಾಜನ್–ನಾಗೇಂದ್ರ ಸಂಗೀತದಲ್ಲಿ ಹಾಡಿದ್ದಾರೆ.