ತಿಮ್ಮಯ್ಯ, ಕೆ.ಎಸ್. (1906–1965)

ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡವ ಸೇನಾನಿ. ಪೂರ್ಣ ಹೆಸರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹುಟ್ಟಿದ್ದು ಮಡಿಕೇರಿಯಲ್ಲಿ, 1906ರ ಮಾರ್ಚ್ 31ರಂದು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನ್, ಸ್ಯಾಂಡ್‌ಹರ್ಸ್ಟ್‌ಗಳಲ್ಲಿ ಕಲಿತು 1926ರಲ್ಲಿ ಸೇನೆ ಸೇರಿದರು.

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ತೀರದಲ್ಲಿ ಜಪಾನಿ ಸೇನೆಯ ವಿರುದ್ಧ 19ನೇ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ಮುನ್ನಡೆಸಿದರು. 1945ರ ಕಂಗಾವ್ ಕದನದಲ್ಲಿ ಇವರ ಪಡೆಯ ಪಾತ್ರ ದೊಡ್ಡದು. ಡಿಎಸ್ಒ ಪದಕ ಬಂತು. ಆ ಯುದ್ಧದಲ್ಲಿ ರಣರಂಗದಲ್ಲೇ ಪದಾತಿ ಬ್ರಿಗೇಡಿನ ನೇತೃತ್ವ ವಹಿಸಿದ ಏಕೈಕ ಭಾರತೀಯ ಇವರೇ. ಸಿಂಗಪುರದಲ್ಲಿ ಜಪಾನ್ ಶರಣಾದಾಗ ಭಾರತದ ಪರವಾಗಿ ಹಾಜರಿದ್ದರು. ಮುಂದೆ 268ನೇ ಬ್ರಿಗೇಡಿನೊಂದಿಗೆ ಸೋತ ಜಪಾನಿಗೇ ಹೋದರು.

ಸ್ವಾತಂತ್ರ್ಯಾನಂತರ ಕಾಶ್ಮೀರಕ್ಕಾಗಿ ಪಾಕಿಸ್ತಾನದೊಂದಿಗೆ ನಡೆದ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಮಾರ್ಗಕ್ಕೆ ಟ್ಯಾಂಕ್ ಏರಿಸಿ ಶತ್ರುವನ್ನು ಬೆಚ್ಚಿಬೀಳಿಸಿದ್ದು ಇವರ ಅತ್ಯಂತ ದಿಟ್ಟ ಸಾಹಸವೆನ್ನಬೇಕು. ಗುಟ್ಟು ಬಿಡದಂತೆ ಟ್ಯಾಂಕುಗಳ ಮೇಲ್ಗೋಪುರ ಕಳಚಿ ಸಾಗಿಸಲಾಗಿತ್ತು.

1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷ. 1957ರಿಂದ 61ರವರೆಗೆ ಸೇನಾ ಮುಖ್ಯಸ್ಥ. ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆ ಜಟಾಪಟಿಯಾಗಿ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂಪಡೆದರು.

ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗ 1965ರ ಡಿಸೆಂಬರ್ 18ರಂದು ನಿಧನರಾದರು. ಮಡಿಕೇರಿಯ ಇವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ.