ಪ್ರಾಥಮಿಕ ಶಿಕ್ಷಕ ತರಬೇತಿಯಲ್ಲಿ ಭಾಷಾ ಬೋಧನೆ ಮತ್ತು ಸಂಸ್ಕೃತಿ ಪರಿಚಯ: ಮಂಡ್ಯ ಜಿಲ್ಲೆಯ ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಮಂಡ್ಯ ಜಿಲ್ಲೆಯ ಬಹುಪಾಲು ಶಾಲೆಗಳಲ್ಲಿ ಬೋಧನಾ ಮಾಧ್ಯಮವು ಕನ್ನಡವಾಗಿರುತ್ತದೆ. ಆದರೆ ಒಂದನೇ ತರಗತಿಗೆ ದಾಖಲಾಗುವ ಎಲ್ಲ ಮಕ್ಕಳ ಮನೆಮಾತು ಪಠ್ಯಪುಸ್ತಕದ ಕನ್ನಡವಾಗಿರುವುದಿಲ್ಲ. ಮದ್ದೂರು, ಮಳವಳ್ಳಿ ಪಟ್ಟಣಗಳಲ್ಲಿ ಉರ್ದು ಮಾತನಾಡುವ ಕುಟುಂಬಗಳಿವೆ. ಕಬ್ಬು ಕಟಾವು ಹಾಗೂ ಆಲೆಮನೆ ಕೆಲಸಕ್ಕೆ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಕುಟುಂಬಗಳು ಬರುತ್ತವೆ. ಶಿಕ್ಷಕರ ಮಾತು ಅರ್ಥವಾಗದ ಮಗು ಮೊದಲ ವರ್ಷದಲ್ಲಿಯೇ ಹಿಂದುಳಿದು, ಕ್ರಮೇಣ ಶಾಲೆಯಿಂದ ದೂರವಾಗುವ ಸಂಭವವಿರುತ್ತದೆ. ಆದುದರಿಂದ ಶಿಕ್ಷಕ ತರಬೇತಿಯಲ್ಲಿ ಭಾಷಾ ಬೋಧನೆಗೆ ವಿಶೇಷ ಮಹತ್ವವಿದೆ.

2. ಕೋರ್ಸಿನ ಸ್ವರೂಪ

ಪ್ರಾಥಮಿಕ ಶಾಲಾ ಶಿಕ್ಷಕರಾಗಬಯಸುವವರಿಗೆ ಎರಡು ವರ್ಷಗಳ ಡಿ.ಎಲ್.ಇಡಿ. ಕೋರ್ಸ್ ನಿಗದಿಯಾಗಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಕನಿಷ್ಠ ಶೇ. 50 ಅಂಕಗಳನ್ನು ಪಡೆದಿರಬೇಕು. ಮೀಸಲು ವರ್ಗಗಳಿಗೆ ನಿಯಮಾನುಸಾರ ರಿಯಾಯಿತಿ ಇರುತ್ತದೆ. ಕೋರ್ಸಿನ ಅವಧಿಯಲ್ಲಿ ಒಟ್ಟು 20 ವಾರಗಳ ಶಾಲಾ ಅನುಭವವು ಕಡ್ಡಾಯವಾಗಿದೆ.

3. ಮನೆಮಾತು ಮತ್ತು ಶಾಲಾ ಭಾಷೆ

ಮಂಡ್ಯ ಸೀಮೆಯ ಆಡುಮಾತಿನಲ್ಲಿ ಹಕಾರವು ಸಾಮಾನ್ಯವಾಗಿ ಲೋಪವಾಗುತ್ತದೆ. 'ಹಾಲು' ಎಂಬುದು 'ಆಲು' ಎಂದೂ, 'ಹಸು' ಎಂಬುದು 'ಅಸು' ಎಂದೂ ಕೇಳಿಬರುತ್ತದೆ. ಮಗು ಹಾಗೆ ಉಚ್ಚರಿಸಿದಾಗ ಅದನ್ನು ಗದರಿಸುವುದಾಗಲಿ, ಇತರರ ಮುಂದೆ ಹಾಸ್ಯ ಮಾಡುವುದಾಗಲಿ ಸಲ್ಲದು. 'ಅಕ್ಕಿ' ಮತ್ತು 'ಹಕ್ಕಿ' ಪದಗಳ ಚಿತ್ರಗಳನ್ನು ಜೊತೆಯಾಗಿ ತೋರಿಸಿದಲ್ಲಿ, ಒಂದು ಅಕ್ಷರದಿಂದ ಅರ್ಥ ಬದಲಾಗುವುದನ್ನು ಮಗು ತಾನೇ ಗ್ರಹಿಸುತ್ತದೆ. ಮನೆಯ ಮಾತು ಮನೆಯಲ್ಲಿ ಉಳಿಯುತ್ತದೆ. ಬರವಣಿಗೆಯ ರೂಪವು ಅದರೊಡನೆ ಸೇರುತ್ತದೆ.

ಉರ್ದು ಶಾಲೆಗಳಲ್ಲಿಯೂ ಇದೇ ಪರಿಸ್ಥಿತಿ ಕಂಡುಬರುತ್ತದೆ. ಮಕ್ಕಳು ಮನೆಯಲ್ಲಿ ಆಡುವುದು ದಖನಿ. ಪಠ್ಯಪುಸ್ತಕದಲ್ಲಿರುವುದು ಗ್ರಾಂಥಿಕ ಉರ್ದು. ಮನೆಯಲ್ಲಿ 'ನಕ್ಕೊ' ಎನ್ನುವ ಮಗುವಿಗೆ ಪುಸ್ತಕದ ಉರ್ದು ಸಹ ಹೊಸತಾಗಿರುತ್ತದೆ. ಅದರ ಮೇಲೆ ಕನ್ನಡವನ್ನೂ ಕಲಿಯಬೇಕಾಗುತ್ತದೆ.

ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರ ಮೇರೆಗೆ ರಾಜ್ಯದ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಬೋಧಿಸಬೇಕು. ಮನೆಯಲ್ಲಿ ಕನ್ನಡ ಕೇಳದ ಮಗುವಿಗೆ ವರ್ಣಮಾಲೆಯಿಂದ ಪಾಠ ಆರಂಭಿಸುವುದು ಫಲಕಾರಿಯಲ್ಲ. ಮೊದಲು ಕೇಳುವುದು, ನಂತರ ಮಾತನಾಡುವುದು, ಆಮೇಲೆ ಓದುವುದು ಮತ್ತು ಬರೆಯುವುದು ಎಂಬ ಕ್ರಮವನ್ನು ಪಾಲಿಸುವುದು ಸೂಕ್ತ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದವು ತಿಳಿಸುತ್ತದೆ. ತರಗತಿಯ ಬಹುಭಾಷಿಕತೆಯನ್ನು ಕಲಿಕೆಯ ಸಂಪನ್ಮೂಲವೆಂದು ಪರಿಗಣಿಸಬೇಕೆಂಬುದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ನಿಲುವಾಗಿತ್ತು.

4. ಸ್ಥಳೀಯ ಪರಿಸರದಿಂದ ಸಂಸ್ಕೃತಿ ಪರಿಚಯ: ಶಿವಪುರ

ಪರಸ್ಪರ ಸಂಸ್ಕೃತಿಗಳ ತಿಳಿವಳಿಕೆಯು ಉಪದೇಶದಿಂದ ಬರುವುದಲ್ಲ. ಒಂದೇ ಕೆಲಸವನ್ನು ಮಕ್ಕಳು ಕೂಡಿ ಮಾಡುವುದರಿಂದ ಬರುತ್ತದೆ. ಇದಕ್ಕೆ ಮದ್ದೂರಿನ ಶಿವಪುರವು ಉತ್ತಮ ನಿದರ್ಶನ. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆದ ಮೈಸೂರು ಕಾಂಗ್ರೆಸ್ ಅಧಿವೇಶನದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜಾರೋಹಣ ಮಾಡಲಾಯಿತು. ಇದರ ನೆನಪಿಗಾಗಿ ಸತ್ಯಾಗ್ರಹ ಸೌಧವಿದೆ.

ಸುತ್ತಲಿನ ಶಾಲೆಗಳಲ್ಲಿ ತರಬೇತಿ ಪಡೆಯುವವರು ಮಕ್ಕಳನ್ನು ಸೌಧಕ್ಕೆ ಕರೆದೊಯ್ದು, 'ಧ್ವಜ', 'ಮೆರವಣಿಗೆ', 'ಸಭೆ' ಮುಂತಾದ ಪದಗಳನ್ನು ಪ್ರತಿ ಮಗುವಿನ ಮನೆಮಾತಿನಲ್ಲಿ ಕೇಳಿ ಪಟ್ಟಿ ಮಾಡಿಸಬಹುದು. ಮನೆಯ ಹಿರಿಯರಿಂದ ಊರಿನ ಹಳೆಯ ಸಂಗತಿಗಳನ್ನು ಕೇಳಿಕೊಂಡು ಬರಲು ತಿಳಿಸಬಹುದು. ಹೊರಗಿನಿಂದ ಬಂದ ಮಗು ತನ್ನ ಊರಿನ ಸಂಗತಿ ಹೇಳಿದರೆ ಅದೂ ಪಾಠದ ಭಾಗವೇ ಆಗುತ್ತದೆ.

5. ನೆರವಾಗುವ ಸಂಸ್ಥೆಗಳು

ಅ) ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ, ಮೈಸೂರು (ಸ್ಥಾಪನೆ 1969). ಇದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು ಕನ್ನಡ, ತಮಿಳು, ತೆಲುಗು, ಮಲಯಾಳಂ ಭಾಷೆಗಳನ್ನು ಅನ್ಯಭಾಷಿಕ ಶಿಕ್ಷಕರಿಗೆ ಕಲಿಸುತ್ತ ಬಂದಿದೆ.
ಆ) ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ, ಬೆಂಗಳೂರು (ಸ್ಥಾಪನೆ 1963). ಸೇವಾನಿರತ ಶಿಕ್ಷಕರಿಗೆ ಇಂಗ್ಲಿಷ್ ಬೋಧನಾ ತರಬೇತಿ ನೀಡುತ್ತದೆ.
ಇ) ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಮಂಡ್ಯ.

6. ಅರ್ಜಿದಾರರ ಗಮನಕ್ಕೆ

• ಸರ್ವೋಚ್ಚ ನ್ಯಾಯಾಲಯದ ದಿನಾಂಕ 11-08-2023ರ ತೀರ್ಪಿನಂತೆ ಬಿ.ಇಡಿ. ಪದವಿಯು 1ರಿಂದ 5ನೇ ತರಗತಿಯ ಶಿಕ್ಷಕ ಹುದ್ದೆಗೆ ಅರ್ಹತೆಯಲ್ಲ. ಕೋರ್ಸ್ ಆಯ್ಕೆಗೆ ಮುನ್ನ ಇದನ್ನು ಗಮನಿಸುವುದು.
• ಶಿಕ್ಷಕರ ಅರ್ಹತಾ ಪರೀಕ್ಷೆಯ ಪತ್ರಿಕೆ-1ರ 150 ಅಂಕಗಳಲ್ಲಿ ಭಾಷೆ-1ಕ್ಕೆ 30 ಹಾಗೂ ಭಾಷೆ-2ಕ್ಕೆ 30 ಅಂಕಗಳಿರುತ್ತವೆ. ಎರಡೂ ಭಾಷೆಗಳ ಸಿದ್ಧತೆಯನ್ನು ಕೋರ್ಸಿನ ಮೊದಲ ವರ್ಷದಿಂದಲೇ ಆರಂಭಿಸುವುದು ಒಳಿತು.
• ಬೋಧನಾ ಮಾಧ್ಯಮವನ್ನು ನಮೂದಿಸುವಾಗ, ಆ ಭಾಷೆಯನ್ನು ತಪ್ಪಿಲ್ಲದೆ ಓದಿ, ಬರೆದು, ಮಾತನಾಡಬಲ್ಲಿರಾ ಎಂಬುದನ್ನು ಖಚಿತಪಡಿಸಿಕೊಳ್ಳುವುದು.
• ಅರ್ಜಿಯ ದಿನಾಂಕ, ಶುಲ್ಕ ಹಾಗೂ ಹಾಜರುಪಡಿಸಬೇಕಾದ ಮೂಲ ದಾಖಲೆಗಳಿಗೆ ಆಯಾ ವರ್ಷದ ಅಧಿಸೂಚನೆಯನ್ನು ನೋಡುವುದು.

ಹೆಚ್ಚಿನ ಮಾಹಿತಿಗಾಗಿ ಮಂಡ್ಯದ ಡಯಟ್ ಅಥವಾ ಮದ್ದೂರು, ಮಳವಳ್ಳಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.