ಕಾರ್ಡ್ ಲೆಕ್ಕದ ತಾಳೆ: ಸಣ್ಣ ಅಂಗಡಿಗಳಲ್ಲಿ ಸ್ವಯಂಚಾಲನೆ

ಅಂಗಡಿಯ ಕಿರ್ದಿಯಲ್ಲಿ ಬರೆದ ಮಾರಾಟ, ಕಾರ್ಡ್ ಯಂತ್ರ ದಾಖಲಿಸಿದ ವಹಿವಾಟು, ಬ್ಯಾಂಕ್ ಖಾತೆಗೆ ಬಂದು ಬಿದ್ದ ಹಣ ಈ ಮೂರನ್ನೂ ಒಂದಕ್ಕೊಂದು ಹೊಂದಿಸಿ ನೋಡುವ ಕೆಲಸಕ್ಕೆ ಕಾರ್ಡ್ ಲೆಕ್ಕದ ತಾಳೆ ಎನ್ನುತ್ತಾರೆ. ವ್ಯಾಪಾರಿ ತನ್ನ ಕ್ರೆಡಿಟ್ ಕಾರ್ಡಿನಿಂದ ಮಾಡಿದ ಖರ್ಚನ್ನು ತಿಂಗಳ ಬಿಲ್ಲಿನೊಂದಿಗೆ ಹೋಲಿಸುವುದಕ್ಕೂ ಇದೇ ಹೆಸರು. ಪೆನ್ನು ಹಿಡಿದು ಸಾಲಿಗೊಂದು ಗುರುತು ಹಾಕುತ್ತ ಮಾಡುತ್ತಿದ್ದ ಈ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸಿದರೆ ಅದು ಸ್ವಯಂಚಾಲಿತ ತಾಳೆ. ಬೀದರ ತಾಲ್ಲೂಕಿನ ಹೋಬಳಿ ಊರಾದ ಜನವಾಡ, ಅದರ ಸುತ್ತಲಿನ ಬೀದರ ನಗರ, ಭಾಲ್ಕಿ ಮತ್ತು ಔರಾದ ಪೇಟೆಗಳಲ್ಲಿರುವಂಥ ಅಂಗಡಿಗಳನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ವಿಷಯವನ್ನು ವಿವರಿಸಿದೆ.

ಹಿನ್ನೆಲೆ

ಎರಡು ಬಗೆಯ ಹಣವನ್ನು ಒಂದೇ ಲೆಕ್ಕಕ್ಕೆ ತರುವುದು ಬೀದರ ಸೀಮೆಗೆ ಹೊಸತಲ್ಲ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿತ್ತು. ಗಡಿ ದಾಟಿದರೆ ಬ್ರಿಟಿಷ್ ಇಂಡಿಯಾದ ರೂಪಾಯಿ. ಏಳು ಹಾಲಿ ಸಿಕ್ಕಾಕ್ಕೆ ಆರು ಬ್ರಿಟಿಷ್ ರೂಪಾಯಿ ಎಂಬುದು ರೂಢಿಯ ದರ. ಸೊಲ್ಲಾಪುರದ ಕಡೆ ಸರಕು ಕಳಿಸುವ ವರ್ತಕ ಎರಡು ನಾಣ್ಯಗಳ ನಡುವಿನ ವಟ್ಟವನ್ನು ಬೇರೆಯಾಗಿ ಬರೆಯದೆ ಇದ್ದರೆ ವರ್ಷದ ಹಿಸಾಬು ಕೂಡಿಬರುತ್ತಿರಲಿಲ್ಲ. ಇಂದಿನ ಕಾರ್ಡ್ ಶುಲ್ಕ ನಿಂತಿರುವುದು ಅದೇ ಜಾಗದಲ್ಲಿ: ಗಿರಾಕಿ ಕೊಟ್ಟಿದ್ದೊಂದು ಅಂಕಿ, ಖಾತೆಗೆ ಬಂದದ್ದು ಇನ್ನೊಂದು.

ಭಾರತದ ಮೊದಲ ಕ್ರೆಡಿಟ್ ಕಾರ್ಡನ್ನು 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಹೊರತಂದಿತು. ರುಪೇ 2012ರಲ್ಲಿ, ಯುಪಿಐ 2016ರಲ್ಲಿ ಬಂದವು. ಸಣ್ಣ ಊರುಗಳಿಗೆ ಕಾರ್ಡ್ ಯಂತ್ರ ಮತ್ತು ಕ್ಯೂಆರ್ ಫಲಕ ತಲುಪಲೆಂದು ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ಪಾವತಿ ಮೂಲಸೌಕರ್ಯ ಅಭಿವೃದ್ಧಿ ನಿಧಿ ಆರಂಭಿಸಿತು. ಹಣ ಪಡೆಯುವ ಸಾಧನಗಳು ಹೀಗೆ ಬೇಗ ಬಂದವು. ಬಂದ ಹಣದ ಲೆಕ್ಕ ಹಿಡಿಯುವ ಅಭ್ಯಾಸ ಮಾತ್ರ ಅದೇ ವೇಗದಲ್ಲಿ ಬರಲಿಲ್ಲ.

ಮೊತ್ತ ಏಕೆ ಕೂಡುವುದಿಲ್ಲ

ಗಿರಾಕಿ ಸ್ವೈಪ್ ಮಾಡಿದ ಹಣ ನೇರವಾಗಿ ಅಂಗಡಿಯ ಖಾತೆಗೆ ಬೀಳುವುದಿಲ್ಲ. ಯಂತ್ರ ಕೊಟ್ಟ ಬ್ಯಾಂಕು ದಿನದ ವಹಿವಾಟುಗಳನ್ನು ಒಂದು ಕಂತೆಯಾಗಿ ಕಟ್ಟಿ, ತನ್ನ ಶುಲ್ಕ ಮುರಿದುಕೊಂಡು, ಸಾಮಾನ್ಯವಾಗಿ ಮರುದಿನ ಒಂದೇ ಮೊತ್ತವಾಗಿ ಜಮಾ ಮಾಡುತ್ತದೆ. ಈ ಶುಲ್ಕ ಎಲ್ಲ ಕಾರ್ಡಿಗೂ ಒಂದೇ ಅಲ್ಲ. ರುಪೇ ಡೆಬಿಟ್ ಕಾರ್ಡ್ ಮತ್ತು ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೆ 2020ರ ಜನವರಿ 1ರಿಂದ ಶುಲ್ಕವಿಲ್ಲ. ಉಳಿದ ಡೆಬಿಟ್ ಕಾರ್ಡುಗಳಿಗೆ, ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರದ ಅಂಗಡಿಯಾದರೆ, ಯಂತ್ರದ ಮೂಲಕ ಗರಿಷ್ಠ ಶೇ. 0.40 ಎಂದು ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿತು. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ. ಬ್ಯಾಂಕು ಮತ್ತು ಅಂಗಡಿಯ ನಡುವಿನ ಕರಾರೇ ದರ. ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಒಂದು ವಹಿವಾಟು 2,000 ರೂಪಾಯಿ ಮೀರದಿದ್ದರೆ ಆ ಜಿಎಸ್‌ಟಿಗೆ ವಿನಾಯಿತಿ ಉಂಟು.

ಒಂದು ಕಲ್ಪಿತ ದಿನವನ್ನು ತೆಗೆದುಕೊಳ್ಳೋಣ. ಬೀದರಿನ ಬಿದರಿ ಕಲಾವಸ್ತುಗಳ ಅಂಗಡಿಗೆ ಹೈದರಾಬಾದಿನಿಂದ ಬಂದ ಪ್ರವಾಸಿಯೊಬ್ಬರು ಹೂಜಿಯೊಂದನ್ನು ಕ್ರೆಡಿಟ್ ಕಾರ್ಡಿನಲ್ಲಿ 8,400 ರೂಪಾಯಿಗೆ ಕೊಂಡರು. ಇನ್ನೊಬ್ಬರು ವೀಸಾ ಡೆಬಿಟ್ ಕಾರ್ಡಿನಲ್ಲಿ 1,500, ಮತ್ತೊಬ್ಬರು ರುಪೇ ಡೆಬಿಟ್ ಕಾರ್ಡಿನಲ್ಲಿ 2,300 ಕೊಟ್ಟರು. ಕಿರ್ದಿಯಲ್ಲಿ 12,200. ಕ್ರೆಡಿಟ್ ಕಾರ್ಡಿನ ದರ ಶೇ. 1.80 ಎಂದುಕೊಂಡರೆ ಶುಲ್ಕ 151.20, ಅದರ ಜಿಎಸ್‌ಟಿ 27.22. ವೀಸಾ ಡೆಬಿಟ್ಟಿಗೆ 6 ರೂಪಾಯಿ, ಜಿಎಸ್‌ಟಿ ಇಲ್ಲ. ರುಪೇಗೆ ಏನೂ ಇಲ್ಲ. ಮರುದಿನ ಖಾತೆಗೆ ಬರುವುದು 12,015.58, ಒಂದೇ ಸಾಲಿನಲ್ಲಿ. ಹೂಜಿ ಯಾವುದು, ಶುಲ್ಕ ಎಷ್ಟು, ತೆರಿಗೆ ಎಷ್ಟು ಎಂಬುದನ್ನು ಪಾಸ್‌ಬುಕ್ ಹೇಳುವುದಿಲ್ಲ. ಸರಿಯಾದ ಲೆಕ್ಕದಲ್ಲಿ ಆ ದಿನದ ಮಾರಾಟ 12,200 ಆಗಿಯೇ ಉಳಿಯಬೇಕು; ಬ್ಯಾಂಕಿಗೆ 12,015.58, ಬ್ಯಾಂಕ್ ಶುಲ್ಕದ ಖಾತೆಗೆ 157.20, ಜಿಎಸ್‌ಟಿ ಖಾತೆಗೆ 27.22 ಹೋಗಬೇಕು. ಖಾತೆಗೆ ಬಂದದ್ದನ್ನೇ ಮಾರಾಟವೆಂದು ಬರೆಯುವುದು ಸಣ್ಣ ಅಂಗಡಿಗಳಲ್ಲಿ ಸುಲಭವಾಗಿ ಆಗಿಬಿಡುವ ತಪ್ಪು. ಮಾರಾಟವೂ ಖರ್ಚೂ ಎರಡೂ ಕಡಿಮೆ ಕಾಣುವುದರಿಂದ ಲಾಭದಲ್ಲಿ ಅದು ಗೊತ್ತಾಗುವುದಿಲ್ಲ. ಜಿಎಸ್‌ಟಿ ಲೆಕ್ಕ ಕೊಡುವಾಗ ಗೊತ್ತಾಗುತ್ತದೆ.

2022ರ ಸೆಪ್ಟೆಂಬರಿನಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆ ಬಂದ ಮೇಲೆ ತೊಡಕು ಇನ್ನಷ್ಟು ಹೆಚ್ಚಿತು. ಈಗ ಒಂದೇ ಕ್ಯೂಆರ್ ಫಲಕಕ್ಕೆ ಉಳಿತಾಯ ಖಾತೆಯ ಹಣವೂ ಬರುತ್ತದೆ, ಕ್ರೆಡಿಟ್ ಕಾರ್ಡಿನ ಹಣವೂ ಬರುತ್ತದೆ. ಸಣ್ಣ ವ್ಯಾಪಾರಿಯೆಂದು ದಾಖಲಾದವರಿಗೆ 2,000 ರೂಪಾಯಿವರೆಗೆ ಎರಡಕ್ಕೂ ಶುಲ್ಕವಿಲ್ಲ. ಅದನ್ನು ದಾಟಿದರೆ ಎರಡನೆಯದರಲ್ಲಿ ಮುರಿದುಕೊಳ್ಳಲಾಗುತ್ತದೆ. ಕೌಂಟರಿನ ಮೇಲಿನ ಸೌಂಡ್ ಬಾಕ್ಸ್ ಎರಡನ್ನೂ ಒಂದೇ ದನಿಯಲ್ಲಿ ಕೂಗಿ ಹೇಳುತ್ತದೆ. ಅದು ಕೂಗಿದ್ದು ಪಾವತಿಯ ಸುದ್ದಿ. ಖಾತೆಗೆ ಎಷ್ಟು ಸೇರಿತು ಎಂಬುದಕ್ಕೆ ದಾಖಲೆಯಲ್ಲ.

ಜನವಾಡದ ಬೀಜ-ಗೊಬ್ಬರದ ಅಂಗಡಿ

ಕೃಷಿ ವಿಜ್ಞಾನ ಕೇಂದ್ರವಿರುವ ಜನವಾಡದಂಥ ಊರಿನಲ್ಲಿ ‘ಕ್ರೆಡಿಟ್ ಕಾರ್ಡ್’ ಎಂದರೆ ಜನರಿಗೆ ಮೊದಲು ನೆನಪಾಗುವುದು ಕಿಸಾನ್ ಕ್ರೆಡಿಟ್ ಕಾರ್ಡ್. 1998ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ರೈತನಿಗೆ ಬೆಳೆಸಾಲದ ಮಿತಿಯೊಂದು ಮಂಜೂರಾಗಿರುತ್ತದೆ. ಹಲವು ಬ್ಯಾಂಕುಗಳು ಇದಕ್ಕೆ ರುಪೇ ಡೆಬಿಟ್ ಕಾರ್ಡನ್ನೇ ಕೊಡುತ್ತವೆ. ರೈತನಿಗೆ ಅದು ಸಾಲ, ಯಂತ್ರಕ್ಕೆ ಡೆಬಿಟ್. ಹೆಸರು ನೋಡಿ ಕ್ರೆಡಿಟ್ ಕಾರ್ಡಿನ ಶುಲ್ಕ ಲೆಕ್ಕ ಹಾಕುವ ಗುಮಾಸ್ತ ಇಲ್ಲಿಯೇ ಎಡವುತ್ತಾನೆ.

ರಸಗೊಬ್ಬರ ಅಂಗಡಿಯಲ್ಲಿ ಇನ್ನೊಂದು ಯಂತ್ರವೂ ಇರುತ್ತದೆ. ರೈತನ ಆಧಾರ್ ಗುರುತು ಹಿಡಿದು ಚೀಲಗಳ ಮಾರಾಟ ದಾಖಲಿಸುವ ಆ ಯಂತ್ರದ ದಾಖಲೆಯ ಮೇಲೆಯೇ ಗೊಬ್ಬರ ಕಂಪನಿಗೆ ಕೇಂದ್ರದ ಸಹಾಯಧನ ಹೋಗುತ್ತದೆ. ಅದಕ್ಕೂ ‘ಮಷೀನ್’ ಎಂದೇ ಕರೆಯುತ್ತಾರೆ. ಆದರೆ ಅದರಲ್ಲಿ ಇರುವುದು ಚೀಲಗಳ ಲೆಕ್ಕ, ರೊಕ್ಕ ಬಂತೇ ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ಇಂಥ ಅಂಗಡಿಯ ತಾಳೆಗೆ ನಾಲ್ಕನೆಯ ಪುಸ್ತಕವೊಂದು ಸೇರಿಕೊಳ್ಳುತ್ತದೆ.

ಮಿರಗ (ಮೃಗಶಿರಾ ಮಳೆ) ಹೊಕ್ಕು ಸೋಯಾ, ತೊಗರಿ, ಉದ್ದಿನ ಬಿತ್ತನೆ ಶುರುವಾದಾಗ ಈ ಅಂಗಡಿಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಡಿಎಪಿ 50 ಕಿಲೋ ಚೀಲಕ್ಕೆ ಈಚಿನ ವರ್ಷಗಳಲ್ಲಿ 1,350 ರೂಪಾಯಿ ದರ ನಿಂತಿದೆ. ಒಂದೇ ಬೆಳಗ್ಗೆ ಇಪ್ಪತ್ತು ಜನ 1,350 ರೂಪಾಯಿಯನ್ನೇ ಕೊಟ್ಟರೆ ಮೊತ್ತ ನೋಡಿ ತಾಳೆ ಮಾಡುವ ತಂತ್ರಾಂಶ ಯಾರದ್ದನ್ನು ಯಾರ ಬಿಲ್ಲಿಗೂ ಕಟ್ಟಬಹುದು. ಒಟ್ಟು ಸರಿಯಾಗಿಯೇ ಕಾಣುತ್ತದೆ. ಒಬ್ಬನ ಪಾವತಿ ಮಾತ್ರ ಇನ್ನೊಬ್ಬನ ಖಾತೆಯಲ್ಲಿ ಕೂತಿರುತ್ತದೆ. ಹೆಸರು ನೋಡಿಯೂ ಪ್ರಯೋಜನವಿಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಓಡಾಡುವ ಸೀಮೆ ಇದು. ಕಿರ್ದಿಯಲ್ಲಿ ಶಿವರಾಜ ಎಂದಿರುವವನು ಬ್ಯಾಂಕಿನ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು-ಮೂರು ಬಗೆಯಾಗಿ ಬರುತ್ತಾನೆ. ಇಲ್ಲಿ ನಂಬಬಹುದಾದದ್ದು ವಹಿವಾಟಿನ ಸಂಖ್ಯೆಯೊಂದೇ. ಕಾರ್ಡ್ ಚೀಟಿಯ ಮೇಲೆ ಆರ್‌ಆರ್‌ಎನ್ ಎಂದು ಅಚ್ಚಾಗುವ 12 ಅಂಕಿಗಳ ಸಂಖ್ಯೆ, ಆರು ಅಕ್ಷರಗಳ ಅನುಮೋದನೆ ಸಂಕೇತ, ಯಂತ್ರದ ಟಿಐಡಿ ಇವು ಮೂರನ್ನೂ ಬಿಲ್ಲಿಗೆ ಸೇರಿಸಿಟ್ಟರೆ ತಾಳೆಯ ಬಹುಪಾಲು ಮಾರಾಟದ ಕ್ಷಣದಲ್ಲೇ ಮುಗಿದಂತೆ. ಬಿಲ್ಲಿಂಗ್ ತಂತ್ರಾಂಶಕ್ಕೇ ಜೋಡಿಸಿದ ಕಾರ್ಡ್ ಯಂತ್ರದಲ್ಲಿ ಈ ಸಂಖ್ಯೆ ತಾನಾಗಿ ಬಿಲ್ಲಿಗೆ ಸೇರುತ್ತದೆ. ಕೈಯಿಂದ ಮೊತ್ತ ಒತ್ತುವ ಬಿಡಿ ಯಂತ್ರವಾದರೆ ಯಾರಾದರೂ ಬರೆದುಕೊಳ್ಳಲೇಬೇಕು, ಕನಿಷ್ಠ ಕೊನೆಯ ನಾಲ್ಕು ಅಂಕಿಗಳನ್ನಾದರೂ.

ಇನ್ನು ಉದ್ರಿ. ಹೊರಗಿನಿಂದ ಬಂದ ತಂತ್ರಾಂಶಗಳು ಈ ಸೀಮೆಯ ವ್ಯಾಪಾರವನ್ನು ಅರ್ಥಮಾಡಿಕೊಳ್ಳದೆ ಸೋಲುವುದು ಇಲ್ಲಿ. ಜೂನಿನಲ್ಲಿ ಬೀಜ ಒಯ್ದ ರೈತ ರಾಶಿಯಾದ ಮೇಲೆ, ಗಂಜಿನಲ್ಲಿ ಮಾಲು ಮಾರಿ, ಅಡತಿಯಿಂದ ಹಣ ಬಂದಾಗ ಕಾರ್ಡ್ ಉಜ್ಜುತ್ತಾನೆ. ಆ ದಿನ ಆ ಮೊತ್ತದ ಬಿಲ್ಲೇ ಇರುವುದಿಲ್ಲ. 14,000 ಬಾಕಿಗೆ 10,000 ಕೊಟ್ಟು ಹೋಗುವುದೂ ಉಂಟು. ಅದೇ ದಿನದ ಬಿಲ್ಲನ್ನಷ್ಟೇ ಹುಡುಕುವ ತಂತ್ರಾಂಶ ಇದನ್ನು ‘ಹೊಂದದ ಜಮಾ’ ಎಂದು ಬದಿಗಿಡುತ್ತದೆ, ಇಲ್ಲವೇ ಹೊಸ ಮಾರಾಟವೆಂದು ಎಣಿಸಿ ಒಂದೇ ಸರಕನ್ನು ಎರಡು ಸಲ ಮಾರಿದಂತೆ ತೋರಿಸುತ್ತದೆ. ಉದ್ರಿ ಖಾತೆಯನ್ನು ತಾಳೆಯ ಒಳಗೆ ತರದ ಯಾವ ವ್ಯವಸ್ಥೆಯೂ ಹಳ್ಳಿಯ ಅಂಗಡಿಗೆ ಒದಗುವುದಿಲ್ಲ.

ತಂತ್ರಾಂಶ ಮಾಡುವುದೇನು

ಕೆಲಸದ ಕ್ರಮ ಸರಳ. ಬ್ಯಾಂಕು ಅಥವಾ ಪಾವತಿ ಕಂಪನಿ ಕೊಡುವ ಸೆಟಲ್ಮೆಂಟ್ ವರದಿ, ಬ್ಯಾಂಕ್ ಸ್ಟೇಟ್ಮೆಂಟ್, ಅಂಗಡಿಯ ಬಿಲ್ಲುಗಳು ಇವನ್ನು ತಂತ್ರಾಂಶ ಒಂದೇ ನಮೂನೆಗೆ ತರುತ್ತದೆ. ಮೊದಲು ಸಂಖ್ಯೆ ಹೊಂದುವವನ್ನು ಜೋಡಿಸುತ್ತದೆ. ಉಳಿದವನ್ನು ದಿನಾಂಕ, ಮೊತ್ತ, ಯಂತ್ರ ನೋಡಿ ಹೊಂದಿಸುತ್ತದೆ. ರಾತ್ರಿ ತಡವಾಗಿ ಆದ ವಹಿವಾಟು ಮರುದಿನದ ಕಂತೆಗೆ ಹೋಗಿರಬಹುದಾದ್ದರಿಂದ ಒಂದೆರಡು ದಿನಗಳ ಸಡಿಲು ಬಿಡುತ್ತದೆ. ನಂತರ ಕರಾರಿನ ದರದಂತೆ ಶುಲ್ಕ ಲೆಕ್ಕ ಹಾಕಿ, ಕಂತೆಯ ಒಟ್ಟು ಬ್ಯಾಂಕಿನ ಸಾಲಿಗೆ ಸಮವಾಗುತ್ತದೆಯೇ ನೋಡುತ್ತದೆ. ಉಳಿದದ್ದನ್ನು ಮನುಷ್ಯನ ಮುಂದಿಡುತ್ತದೆ. ಈ ಕೊನೆಯ ಪಟ್ಟಿಯೇ ಇಡೀ ಕೆಲಸದ ಫಲ. ಶುಲ್ಕ ಕರಾರಿಗಿಂತ ಹೆಚ್ಚು ಮುರಿದದ್ದು, ಬಾರದ ಕಂತೆ, ಎರಡು ಸಲ ಉಜ್ಜಿದ ಕಾರ್ಡು, ಯಂತ್ರದ ಬಾಡಿಗೆ ಎಲ್ಲವೂ ಹೊರಬೀಳುವುದು ಅಲ್ಲಿಯೇ. ಯಾವುದನ್ನೂ ಉಳಿಸದಂತೆ ಒತ್ತಾಯದಿಂದ ಹೊಂದಿಸುವ ತಂತ್ರಾಂಶಕ್ಕಿಂತ, ಗೊತ್ತಾಗದ್ದನ್ನು ಗೊತ್ತಿಲ್ಲವೆಂದು ಬಿಡುವ ತಂತ್ರಾಂಶ ಮೇಲು.

1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಕಟ್ಟಿದ, ಬೆಂಗಳೂರಿನಲ್ಲಿ ಬೆಳೆದ ಟ್ಯಾಲಿ, ಬ್ಯಾಂಕ್ ಸ್ಟೇಟ್ಮೆಂಟನ್ನು ಒಳಗೆ ತಂದು ತಾಳೆ ಮಾಡುವ ಸೌಲಭ್ಯ ಹೊಂದಿದೆ. ಚೆನ್ನೈ ಮೂಲದ ಜೊಹೊ ಬುಕ್ಸ್‌ನಲ್ಲಿಯೂ ಅದಿದೆ. ಬೆಂಗಳೂರಿನ ರೇಜರ್‌ಪೇಯಂಥ ಪಾವತಿ ಕಂಪನಿಗಳು ವಹಿವಾಟುವಾರು ಶುಲ್ಕ ತೋರಿಸುವ ವರದಿ ಕೊಡುತ್ತವೆ. ಇವು ಯಾವುವೂ ಇಲ್ಲದ ಅಂಗಡಿಗೆ ಎಕ್ಸೆಲ್ ಹಾಳೆಯೂ ಸಾಕು. ಒಂದೇ ಎಚ್ಚರ: 12 ಅಂಕಿಗಳ ಆರ್‌ಆರ್‌ಎನ್ ಅನ್ನು ಎಕ್ಸೆಲ್ ದೊಡ್ಡ ಸಂಖ್ಯೆಯೆಂದು ತಿಳಿದು ಮೊಟಕು ಮಾಡಿ ತೋರಿಸುತ್ತದೆ, ಮುಂದಿನ ಸೊನ್ನೆಯನ್ನು ನುಂಗುತ್ತದೆ. ಆ ಕಾಲಮ್ಮನ್ನು ಮೊದಲೇ ಅಕ್ಷರ ಎಂದು ಗುರುತಿಸದಿದ್ದರೆ ಹೊಂದಬೇಕಾದವೂ ಹೊಂದದೆ ಹೋಗಬಹುದು.

ಗಿರಾಕಿಯ ಕಾರ್ಡಿನ ಪೂರ್ತಿ ಸಂಖ್ಯೆಯನ್ನು ತಾಳೆಗೆಂದು ಬರೆದಿಟ್ಟುಕೊಳ್ಳುವುದು ತಪ್ಪು. 2022ರ ಅಕ್ಟೋಬರಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ಕಾರ್ಡ್ ಜಾಲಗಳ ಹೊರತು ಬೇರೆ ಯಾರೂ ಅದನ್ನು ಶೇಖರಿಸುವಂತಿಲ್ಲ. ಕೊನೆಯ ನಾಲ್ಕು ಅಂಕಿ ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರನ್ನು ತಾಳೆಯ ಸಲುವಾಗಿಯೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ.

ತೆರಿಗೆಯ ಮಾತು

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲವೆಂಬುದು ಆಕ್ಷೇಪ. ಬೆಂಗಳೂರಿನಲ್ಲಿ ಹಲವರು ಕ್ಯೂಆರ್ ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿದರು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರಿದವರೂ, ನೆಂಟರ ಹಣ, ಕೈಗಡದ ಹಣ ಅದೇ ಖಾತೆಗೆ ಬಂದವರೂ ನೋಟಿಸ್ ಪಡೆದವರಲ್ಲಿದ್ದರು. ಯಾವ ಜಮಾ ವ್ಯಾಪಾರದ್ದು, ಯಾವುದು ಮನೆಯದ್ದು ಎಂದು ವರ್ಷಗಳ ನಂತರ ಬಿಡಿಸಿ ತೋರಿಸುವುದು ಬಲು ಕಷ್ಟ. ಆಯಾ ದಿನವೇ ಬಿಲ್ಲಿಗೆ ಜೋಡಿಸಿದ ಜಮಾಗೆ ಆ ಕಷ್ಟವಿಲ್ಲ.

ಲಾಭದ ಬದಿಯೂ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಲ್ಲಿ ಅಂದಾಜು ಲಾಭ ತೋರಿಸುವ ವ್ಯಾಪಾರಿಗೆ ನಗದು ವಹಿವಾಟಿನ ಮೇಲೆ ಶೇ. 8, ಬ್ಯಾಂಕ್ ಮತ್ತು ಕಾರ್ಡ್ ಮೂಲಕ ಬಂದದ್ದರ ಮೇಲೆ ಶೇ. 6 ಎಂದು ಇಡಲಾಗಿತ್ತು. ಎರಡನ್ನೂ ಬೇರ್ಪಡಿಸಿ ತೋರಿಸಿದವರಿಗೆ ಮಾತ್ರ ಆ ರಿಯಾಯಿತಿ ದಕ್ಕುತ್ತದೆ. ಶುಲ್ಕದ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಸಾಮಾನ್ಯ ನೋಂದಣಿಯ ಅಂಗಡಿ ಮರಳಿ ಪಡೆಯಬಹುದು, ರಾಜಿ ತೆರಿಗೆಯವರು ಪಡೆಯಲಾರರು. ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲ, ಗೊಬ್ಬರಕ್ಕೆ ಶೇ. 5 ಇರುವುದರಿಂದ ಎರಡನ್ನೂ ಮಾರುವವರು ಅದನ್ನು ಪಾಲು ಮಾಡಿಯೇ ಪಡೆಯಬೇಕು.

ಅಂಗಡಿಯ ಸ್ವಂತ ಕಾರ್ಡು

ವ್ಯಾಪಾರಿಯೇ ಕ್ರೆಡಿಟ್ ಕಾರ್ಡಿನಲ್ಲಿ ಡೀಸೆಲ್ ಹಾಕಿಸಿ ಸಗಟು ಮಾಲು ತರಿಸಿದಾಗ ತಾಳೆ ಉಲ್ಟಾ ದಿಕ್ಕಿನದು. ಖರ್ಚು ಬರೆಯಬೇಕಾದದ್ದು ಕೊಂಡ ದಿನ, ಬಿಲ್ ಕಟ್ಟಿದ ದಿನವಲ್ಲ. ಎರಡೂ ದಿನ ಬರೆದರೆ ಒಂದೇ ಖರ್ಚು ಎರಡಾಗುತ್ತದೆ. ಮನೆಯ ಖರ್ಚಿಗೆ ಬೇರೆ ಕಾರ್ಡ್ ಇಟ್ಟರೆ ಅರ್ಧ ಕೆಲಸ ಅಲ್ಲಿಗೇ ಇಲ್ಲವಾಗುತ್ತದೆ.

ತಕರಾರು

ಗಿರಾಕಿಯ ಖಾತೆಯಿಂದ ಹಣ ಹೋಗಿ, ಯಂತ್ರದಿಂದ ಚೀಟಿ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇಂಥ ವೇಳೆ ಅಂಗಡಿಯವರು ಎರಡನೆಯ ಸಲ ಉಜ್ಜಿಸಿಕೊಂಡು, ಮೊದಲನೆಯದೂ ನಂತರ ಜಮಾ ಆದರೆ, ಅದು ತೋರುವುದು ತಾಳೆಯಲ್ಲಿ ಮಾತ್ರ. ಬಿಲ್ಲಿಲ್ಲದ ಆ ಜಮಾದ ಪಕ್ಕದಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಇದ್ದರೆ, ಹಣ ಯಾರಿಗೆ ವಾಪಸು ಕೊಡಬೇಕೆಂದು ಗಿರಾಕಿ ಬಂದು ಕೇಳುವ ಮೊದಲೇ ಅಂಗಡಿಯವರಿಗೆ ತಿಳಿಯುತ್ತದೆ.